ಕೋಳಿಗಳ ಮೊಟ್ಟೆಯೂ ನಾನು ಸುಟ್ಟ ಕುರಿಮರಿಯೂ

ಗ್ರೀಕ್ ಭಾಷೆ ಕಲಿಯುವುದು ಬಹಳ ಸುಲಭ. ಈಸ್ಟರ್ ಭಾನುವಾರದ ಬೆಳಿಗ್ಗೆಯವರೆಗೆ ನಾನು ಹಾಗೆಂದೇ ನಂಬಿದ್ದೆ!

ಅಮೆರಿಕದ ಗೈದರ್ಸ್‌ಬರ್ಗಿನಲ್ಲಿ ನಮ್ಮ ಪಕ್ಕದ ಮನೆಯವನು ಗ್ರೀಸಿನಿಂದ ಬಂದ ಸ್ಟಾವ್ರೋಸ್. ನನ್ನ ಹೆಂಡತಿ ವಿಮಲಳಿಂದ "ಊಟ ಆಯ್ತಾ?" ಎಂಬಷ್ಟು ಕನ್ನಡ ಕಲಿತು, ಬೆಳಗಾಗುತ್ತಲೇ ಬೇಲಿಯಾಚೆಯಿಂದ ಅದನ್ನೇ ಕೂಗುತ್ತಿದ್ದ. ಅವನ ಪ್ರೀತಿಗೆ ಪ್ರತಿಯಾಗಿ ನಾನೂ ಚಳಿಗಾಲವಿಡೀ ಕಾರಿನಲ್ಲಿ ಗ್ರೀಕ್ ಪಾಠದ ಕ್ಯಾಸೆಟ್ ಹಾಕಿಕೊಂಡು, ಹೈವೇ ಟ್ರಾಫಿಕ್ಕಿನಲ್ಲಿ ಗೊಣಗುತ್ತಾ ಆಫೀಸಿಗೆ ಹೋಗಿ ಬಂದೆ. ಪಕ್ಕದ ಕಾರಿನವರು ಕಿಟಕಿ ಏರಿಸಿಕೊಳ್ಳುತ್ತಿದ್ದರು.

ಈಸ್ಟರ್ ದಿನ ಸ್ಟಾವ್ರೋಸನ ಹಿತ್ತಲಲ್ಲಿ ಇಡೀ ಕುರಿಮರಿಯನ್ನು ಕಬ್ಬಿಣದ ಸಲಾಕೆಗೆ ಕಟ್ಟಿ, ಕೆಂಡದ ಮೇಲೆ ತಿರುಗಿಸುತ್ತಾ ಸುಡುತ್ತಾರೆ. ಸಲಾಕೆಯ ಹಿಡಿ ತಿರುಗಿಸುವುದು ಮನೆಯ ಗಂಡಸರ ಗೌರವ. ಆ ವರ್ಷ ಸ್ಟಾವ್ರೋಸ್ ಅದನ್ನು ನನ್ನ ಕೈಗಿತ್ತು, "ನೀನೂ ನಮ್ಮನೆಯವನೇ ಕಣಯ್ಯಾ. ಒಂದೇ ಮಾತು, ನಿಲ್ಲಿಸ್ಬೇಡ. ಮನೆ ಮಂದಿಯ ಊಟವೆಲ್ಲ ಇದೇ" ಎಂದ.

ನಾನು ಹುಟ್ಟು ಸಸ್ಯಾಹಾರಿ. ಆದರೂ ಕಣ್ಣು ಬೇರೆ ಕಡೆ ನೆಟ್ಟು, ಗಂಭೀರವಾಗಿ ಅಧಿಕಾರ ವಹಿಸಿಕೊಂಡೆ.

"ರೀ, ಬದನೇಕಾಯಿ ಸುಡೋಕೂ ನಿಮ್ಮನ್ನ ನಂಬಲ್ಲ ನಾನು!" ಎಂದಳು ವಿಮಲ. ಅವಳು ಮುಂಜಾಗ್ರತೆಯಾಗಿ ದೊಡ್ಡ ಪಾತ್ರೆಯಲ್ಲಿ ಪುಳಿಯೋಗರೆ ತಂದಿದ್ದಳು. ನಾನೇನು ಕಡಿಮೆ ಜಾಗರೂಕನೇ? ನೀರಿನ ಪೈಪ್ ಎಲ್ಲಿದೆ, ಗಾಳಿ ಯಾವ ಕಡೆಗಿದೆ, ಎಲ್ಲವನ್ನೂ ವಿಚಾರಿಸಿಟ್ಟಿದ್ದೆ. ಅಪಾಯ ನನ್ನ ಬಾಯಿಂದಲೇ ಬರುತ್ತದೆಂದು ಮಾತ್ರ ಹೊಳೆಯಲಿಲ್ಲ.

ಅಷ್ಟರಲ್ಲಿ ಸ್ಟಾವ್ರೋಸನ ತಾಯಿ, ನಾವೆಲ್ಲ ಅಜ್ಜಿ ಎನ್ನುವವರು, ಕೆಂಪು ಬಣ್ಣ ಹಾಕಿದ ಮೊಟ್ಟೆಗಳ ಬುಟ್ಟಿ ಹಿಡಿದು ಬಂದರು. "ನಿಮ್ಮ ಕೋಳಿಗಳ ಮೊಟ್ಟೆ ಬಹಳ ಚೆನ್ನಾಗಿವೆ" ಎಂದು ಗ್ರೀಕಿನಲ್ಲೇ ಹೊಗಳಬೇಕೆನಿಸಿತು. ಕೋಳಿ ಗೊತ್ತಿತ್ತು. ಕೋಳಿಯ ಗೊತ್ತಿತ್ತು. ಕೋಳಿಗಳು ಗೊತ್ತಿತ್ತು. "ಕೋಳಿಗಳ" ಮಾತ್ರ ಕ್ಯಾಸೆಟ್ಟಿನಲ್ಲಿ ಬಂದಿರಲಿಲ್ಲ. ತಪ್ಪಾಡಿದರೇನು ಗತಿ ಎಂದು ಹೆದರಿ, ಆ ರೂಪ ಹೇಗೆಂದು ವಿನಯದಿಂದ ಅವರನ್ನೇ ಕೇಳಿದೆ.

ಅಜ್ಜಿ ಬಾಯಿ ತೆರೆದರು. ಹಾಗೇ ಮುಚ್ಚಿದರು. ಜೀವಮಾನವೆಲ್ಲ ಕೋಳಿ ಸಾಕಿದ ಹೆಂಗಸು!

"ಸ್ಟಾವ್ರೋಸ್, ಬಾ ಇಲ್ಲಿ!"

ಸ್ಟಾವ್ರೋಸ್ ಬಂದ, ಏನೋ ಒಂದು ರೂಪ ಹೇಳಿದ. ಅಜ್ಜಿ ಹುಳಿ ಮಜ್ಜಿಗೆ ಕುಡಿದವರಂತೆ ಮುಖ ಹಿಂಡಿದರು.

"ವ್ಯಾಕರಣದ ಪ್ರಕಾರ ಹಾಗೇ ಆಗ್ಬೇಕಲ್ಲಮ್ಮ?"

"ಆಗ್ಬೇಕು ಕಣೋ. ಆದ್ರೆ ಯಾರು ಹಾಗಂತಾರೆ?"

ಬೀಗರು ಬಂದರು, ದಾಯಾದಿಗಳು ಬಂದರು. ಒಬ್ಬೊಬ್ಬರೂ ಆ ಒಂದು ಮಾತಿನ ಜಾಗಕ್ಕೆ ಬಂದು ಎಡವಿ ನಿಂತರು. ಹಾಗೆನ್ನಬಾರದೆಂದು ಶಾಲೆಯಲ್ಲಿ ಹೇಳಿಕೊಟ್ಟರೇ ಎಂದರೆ ಇಲ್ಲ. ಯಾರಾದರೂ ಬೈದಿದ್ದರೇ? ಅದೂ ಇಲ್ಲ.

ಕೊನೆಗೆ ಸ್ಟಾವ್ರೋಸನ ಮೊಮ್ಮಗಳು ಎಲೆನಿಯನ್ನು ಕರೆದರು. ಇಲ್ಲೇ ಹುಟ್ಟಿದ, ಇನ್ನೂ ಶಾಲೆಯ ಮುಖ ಕಾಣದ ಪುಟಾಣಿ. ಬುಟ್ಟಿ ತೋರಿಸಿ, ಇವು ಯಾರ ಮೊಟ್ಟೆ ಎಂದು ಅಜ್ಜಿ ಕೇಳಿದರು. ಅವಳು ಥಟ್ಟನೆ, "ಕೋಳಿಗಳು ಇಟ್ಟ ಮೊಟ್ಟೆ!" ಎಂದಳು.

ನನ್ನ ಮೈ ಜುಮ್ಮೆಂದಿತು. ಮಗು ಆ ಗುಂಡಿಯನ್ನು ಸುತ್ತಿಕೊಂಡು ಹೋಗಿಬಿಟ್ಟಿತ್ತು! ಕೇಳಿದ್ದನ್ನು ಕಲಿಯುವುದು ಸರಿ. ಕೇಳದೇ ಇದ್ದದ್ದನ್ನು ಕಲಿಯುವುದು ಹೇಗೆ? ಬೇರೆ ಮಾತುಗಳೆಲ್ಲ ಬಂದು ಕೂರುವ ಆ ಜಾಗಕ್ಕೆ ಇದೊಂದು ಬರಲೇ ಇಲ್ಲವೆಂದು ಆ ಪುಟ್ಟ ತಲೆ ಯಾವಾಗ ಗಮನಿಸಿತು?

ಈ ವಿಸ್ಮಯವನ್ನು ವಿಮಲಳಿಗೆ ವಿವರಿಸುತ್ತಾ ಎರಡೂ ಕೈ ಎತ್ತಿದೆ.

"ಅಯ್ಯೋ, ನಮ್ಮಲ್ಲಿಲ್ವೇನ್ರೀ? 'ಬೇಕು' ಅಂತೀರಲ್ಲ, ಅದು ನಿನ್ನೆ ನಡೆದಿದ್ರೆ ಏನಂತೀರಿ?"

"ಬೇಕಿತ್ತು."

"ಅದರಲ್ಲಿ 'ಇತ್ತು' ಸೇರಿದೆ. ಏನೂ ಸೇರಿಸ್ದೆ, ಬರೀ 'ಬೇಕು'ಗೆ ಹೇಳಿ ನೋಡೋಣ."

"ಬೇ..." ಎಂದು ನಿಂತೆ. ಎದುರಿಗಿದ್ದ ಅಜ್ಜಿಯದೂ ನನ್ನದೂ ಒಂದೇ ಮುಖ! ನನ್ನಮ್ಮ ನೂರಾರು ತಪ್ಪಿಗೆ ಕಿವಿ ಹಿಂಡಿದ್ದಾಳೆ, ಈ ತಪ್ಪಿಗಲ್ಲ. ಏಕೆಂದರೆ ಇದನ್ನು ನಾನು ಮಾಡಿಯೇ ಇಲ್ಲ. ಅರ್ಧ ಶತಮಾನ ಬಾಯಲ್ಲೇ ಇಟ್ಟುಕೊಂಡಿದ್ದ ಪವಾಡ ಮೇರಿಲ್ಯಾಂಡಿನ ಹಿತ್ತಲಲ್ಲಿ ಕಂಡಿತು. ಕಣ್ಣು ತುಂಬಿ ಬಂತು.

"ರೀ," ಎಂದಳು ವಿಮಲ ಮೂಗು ಮುಚ್ಚಿಕೊಂಡು, "ಕಣ್ಣಲ್ಲಿ ನೀರು ಬರ್ತಿರೋದು ಹೊಗೆಗೆ."

ಎರಡೂ ಕೈ ಎತ್ತಿದ್ದೆನಲ್ಲ? ಹಿಡಿ ಯಾರ ಕೈಯಲ್ಲಿತ್ತು? ಯಾರ ಕೈಯಲ್ಲೂ ಇರಲಿಲ್ಲ! ಕುರಿಮರಿಯ ಒಂದು ಮಗ್ಗುಲು ಇದ್ದಿಲು, ಇನ್ನೊಂದು ಮಗ್ಗುಲು ಹಸಿ. ಸ್ಟಾವ್ರೋಸ್ ಪೈಪಿನಿಂದ ನೀರು ಹೊಡೆದ. ಹೊಗೆ ಇಮ್ಮಡಿಸಿತು. ಎದುರು ಮನೆಯವರು 911 ಒತ್ತಿದರು. ಫೈರ್ ಟ್ರಕ್ ಗಂಟಲು ಹರಿದುಕೊಂಡು ಬಂತು.

ಆ ಈಸ್ಟರಿಗೆ ಸ್ಟಾವ್ರೋಸನ ಬಂಧುಬಳಗವೆಲ್ಲ ಪುಳಿಯೋಗರೆ ತಿಂದಿತು. ಫೈರ್ ಟ್ರಕ್ಕಿನವರೂ ತಿಂದರು. ಅಜ್ಜಿ ಎರಡು ಸಲ ಹಾಕಿಸಿಕೊಂಡರು. ಸ್ಟಾವ್ರೋಸ್ ಮಾತ್ರ ಕರಿಕುರಿಯನ್ನೇ ನೋಡುತ್ತಾ ಕೂತಿದ್ದ. ಕ್ಷಮೆ ಕೇಳೋಣವೆಂದರೆ, ಕ್ಯಾಸೆಟ್ಟಿನಲ್ಲಿ ಕಲಿತದ್ದೆಲ್ಲ ಮರೆತೇ ಹೋಗಿತ್ತು.

"ಊಟ ಆಯ್ತಾ?" ಎಂದೆ.

ಅವನು ನನ್ನನ್ನೇ ದಿಟ್ಟಿಸಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ.

ಮುಂದಿನ ವರ್ಷವೂ ನಮ್ಮನ್ನು ಕರೆದರು. ಪುಳಿಯೋಗರೆ ತರಬೇಕೆಂದು ಅಜ್ಜಿ ಮುಂಚೆಯೇ ಹೇಳಿ ಕಳಿಸಿದ್ದರು. ನಾನು ತೋಳೇರಿಸಿಕೊಂಡು ಸಲಾಕೆಯ ಬಳಿ ಹೋದೆ. ಅಲ್ಲಿ ಸ್ಟಾವ್ರೋಸ್ ಒಂದು ಕರೆಂಟ್ ಮೋಟಾರ್ ಕೂರಿಸಿದ್ದ.

"ಬಹಳ ಒಳ್ಳೇದು ಕಣಯ್ಯಾ," ಎಂದ ಅದರ ಬೆನ್ನು ತಟ್ಟುತ್ತಾ. "ಏನೂ ಕೇಳಲ್ಲ."