ಕಾಕಾ ಬಾನೆಟ್ ಎತ್ತಿದರೆಂದರೆ

ನಮ್ಮ ಕಾಕಾ ಜನ್ಮದಲ್ಲಿ ಒಮ್ಮೆಯೂ ಕಾರು ನಡೆಸಿದವರಲ್ಲ. ಬ್ರೇಕು ಯಾವ ಕಾಲಿಗೆ ಬರುತ್ತದೆ ಎಂದು ಕೇಳಿದರೆ "ಅದು ನಡೆಸಾವಗ ಗೊತ್ತಿದ್ರ ಸಾಕು" ಎಂದುಬಿಡುತ್ತಾರೆ. ಆದರೂ ಮಹಾರಾಷ್ಟ್ರದ ಗಡಿಯ ಉಮರ್ಗಾದ ನನ್ನ ತವರುಮನೆಯ ಅಂಗಳಕ್ಕೆ ಬಂದ ನಮ್ಮ ಕಾರು ಅವರ ಕೈಯಲ್ಲಿ ಬಾನೆಟ್ ಎತ್ತಿಸಿಕೊಳ್ಳದೆ ಹೊರಗೆ ಹೋದದ್ದೇ ಇಲ್ಲ! ಇಂಜಿನ್ನಿನ ಉಳಿದ ಭಾಗಗಳ ಗೊಡವೆ ಅವರಿಗಿಲ್ಲ. ಅವರ ಕಣ್ಣೆಲ್ಲ ಏರ್ ಫಿಲ್ಟರಿನ ಮೇಲೆ. ಕಪ್ಪು ಡಬ್ಬಿಯೊಳಗೆ ಮಡಿಕೆ ಮಡಿಕೆಯಾಗಿ ಕೂತಿರುವ ಆ ಕಾಗದದ ಚೌಕವನ್ನು ತೆಗೆದು, ಝಾಡಿಸಿ, ಬೇಕಾದರೆ ಹೊಸದು ಹಾಕಿ ಮುಚ್ಚುವುದು ಅವರ ಪಾಲಿನ ಪೂಜೆ.

"ಮನಷ್ಯಾಗ ಮೂಗು ಹ್ಯಾಂಗೋ, ಗಾಡಿಗಿ ಇದು ಹಂಗ. ಮೂಗು ಕಟ್ಟಿದ ಗಾಡಿ ನಿಲಂಗಾ ಸೈತ ಮುಟ್ಟಂಗಿಲ್ಲ" ಎನ್ನುತ್ತಾರೆ. ಅದೇ ಗಾಡಿ ಆಗತಾನೇ ದಾರಿ ನಡುವಿನ ಆ ನಿಲಂಗಾ ದಾಟಿಕೊಂಡು ಬಂದು ನಿಂತಿದೆಯಲ್ಲ ಎಂದು ಹೇಳುವ ಧೈರ್ಯ ಯಾರಿಗಿದೆ?

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಪೇಟೆಯಲ್ಲಿ ನಮ್ಮದು ಕಾಳಿನ ಅಂಗಡಿ. ಕಾಕಾನಿಗೆ ಇಬ್ಬರು ಗಂಡುಮಕ್ಕಳು, ಹೆಣ್ಣುಮಗಳೆಂದರೆ ಇಡೀ ಮನೆಗೆ ನಾನೊಬ್ಬಳೇ. ನನ್ನನ್ನು ಉದಗೀರಕ್ಕೆ ಕೊಟ್ಟರು. ಎರಡು ತಾಸಿನ ದಾರಿ ಅಷ್ಟೇ. ಆದರೆ ನಡುವೆ ಮಕ್ಕಳ ಪರೀಕ್ಷೆ, ಅತ್ತೆಯ ಮೊಣಕಾಲು, ಗಂಡನ ಅಂಗಡಿ, ನೆಂಟರ ಮದುವೆ ಎಲ್ಲ ಸಾಲಾಗಿ ಬಂದು ನಿಲ್ಲುವುದರಿಂದ ಆ ಎರಡು ತಾಸನ್ನು ದಾಟಲು ನನಗೆ ಆರು ತಿಂಗಳು ಹಿಡಿಯುತ್ತದೆ! ಬಂದರೂ ಮುಂಜಾನೆ ಬಂದು ಸಂಜೆಯೊಳಗೆ ತಿರುಗಿ ಹೋಗಬೇಕು. ಮನೆಯಲ್ಲಿ ನನ್ನ ಮಕ್ಕಳು ಶಾಲೆಯ ಮರಾಠಿಯಲ್ಲೇ ಜಗಳಾಡುತ್ತಾರೆ, ನಾನೂ ಅದರಲ್ಲೇ ಗದರುತ್ತೇನೆ. ಉಮರ್ಗಾದ ಹೊಸ್ತಿಲು ದಾಟಿ "ಬಂದ್ಯೇನವ್ವಾ?" ಎಂಬ ಒಂದು ಕನ್ನಡದ ಮಾತು ಕೇಳಿದರೆ ಸಾಕು, ನನ್ನ ಮರಾಠಿ ಹೊಸ್ತಿಲಾಚೆಯೇ ಉಳಿಯುತ್ತದೆ.

ನಮ್ಮ ಮನೆಯ ಗಂಡಸರದು ಒಂದು ಹಟ. ಕೊಟ್ಟ ಮಗಳಿಗೆ "ಇರು" ಎನ್ನಬಾರದಂತೆ. ಬೀಗರು ಏನಂದುಕೊಂಡಾರು ಎಂಬ ಭಯ. ಹೊರಟಾಗ "ಹೋಗಿ ಬಾ" ಎನ್ನುವುದಷ್ಟೇ ಅವರಿಗೆ ಗೊತ್ತು. ಅದಕ್ಕಿಂತ ಹೆಚ್ಚು ಒಂದು ಅಕ್ಷರ ಕಾಕಾನ ಬಾಯಿಂದ ಎಂದೂ ಬಂದದ್ದಿಲ್ಲ.

ಇನ್ನು ಅವರ ಕೆಲಸದ ರೀತಿ ನೋಡಬೇಕು! ಅಂಗಡಿಯಿಂದ ಮೊರ ಬರುತ್ತದೆ. ಅಂಗಳದಲ್ಲಿ ಹಳೆಯ ಮರಾಠಿ ಪೇಪರು ಹಾಸುತ್ತಾರೆ. ಧೋತರ ಮೇಲಕ್ಕೆ ಕಟ್ಟಿ, ಕೊರಳಿನ ಲಿಂಗದ ಕರಡಿಗೆಗೆ ಧೂಳು ತಾಗದಂತೆ ಅಂಗಿಯೊಳಗೆ ಸೇರಿಸಿ, ಫಿಲ್ಟರನ್ನು ಪೇಪರಿನ ಮೇಲೆ ಟಪಟಪ ಬಡಿಯುತ್ತಾರೆ. ಬಿದ್ದ ಧೂಳನ್ನು ಮೊರದಲ್ಲಿ ಕೇರಿ, ಒಂದು ಚಿಟಿಕೆ ಅಂಗೈಗೆ ಹಾಕಿಕೊಂಡು ಬಿಸಿಲಿಗೆ ಹಿಡಿಯುತ್ತಾರೆ. ತೊಗರಿ ಯಾವ ಊರಿನ ಹೊಲದ್ದು ಎಂದು ಒಂದು ಹಿಡಿ ನೋಡಿ ಹೇಳುವ ಮನುಷ್ಯ. ಧೂಳು ಬಿಟ್ಟಾರೆಯೇ?

"ಇದು ನಿಲಂಗಾದ ಕರಿ ಮಣ್ಣು. ಈ ಕೆಂಪಂದು ನಿಮ್ಮ ಉದಗೀರದ್ದು. ಇದು ತೊಗರಿ ಹೊಟ್ಟು, ವಲಾಂಡ್ಯಾಗ ರಾಶಿ ನಡದದ."

ಒಂದು ಸಲ ಹೀಗೆ ಹೇಳುತ್ತ ಹೇಳುತ್ತ ಗಕ್ಕನೆ ನಿಂತರು. ಬೆರಳ ತುದಿಯಲ್ಲಿ ಕಪ್ಪು ಮಸಿ. ಉಜ್ಜಿದರು, ಮೂಸಿದರು. ನಂತರ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ ನನ್ನ ಗಂಡನ ಕಡೆ ತಿರುಗಿದರು. ಅಳಿಯನನ್ನು ಅವರು ಮರಾಠಿಯಲ್ಲೇ ಕರೆಯುವುದು.

"ಜಾವಯಿಬುವಾ, ಮುರುಮಿಗಿ ಯಾವಾಗ ಹೋಗಿದ್ರಿ?"

ನನ್ನವರ ಬಸಿಯಲ್ಲಿ ಚಹಾ ತುಳುಕಿತು. "ಮುರುಮಿಗ್ಯಾ? ಇಲ್ರೀ..."

"ಇದು ಕಬ್ಬಿನ ಕಾರ್ಖಾನಿ ಮಸಿ. ನಿಮ್ಮ ದಾರ್ಯಾಗ ಎಲ್ಲ್ಯದ ಕಾರ್ಖಾನಿ?"

ಕೊನೆಗೆ ಒಪ್ಪಿಕೊಂಡರು. ಗೆಳೆಯನ ಮನೆಯ ಊಟಕ್ಕೆ ಹದಿನೈದು ದಿನದ ಹಿಂದೆ ಮುರುಮಕ್ಕೆ ಹೋಗಿದ್ದರಂತೆ. ಉದಗೀರದಿಂದ ಮುರುಮಕ್ಕೆ ಹೋಗಬೇಕಾದರೆ ಉಮರ್ಗಾ ಹಾಯಬೇಕು. ಅತ್ತೆಮನೆಯ ಊರು ಹಾದು, ಹೊಸ್ತಿಲು ತುಳಿಯದೆ ಹೋಗಿ, ಹಾಗೇ ತಿರುಗಿ ಬಂದ ಅಳಿಯ! ನನ್ನನ್ನು ಬಿಟ್ಟು ಹೋದದ್ದಕ್ಕೆ ನನಗೂ ಉರಿಯಿತು. ಅಂದಿನಿಂದ ನನ್ನವರು ಎಲ್ಲಿಗೆ ಹೊರಟರೂ ಮೊದಲೇ ಹೇಳಿ ಹೋಗುತ್ತಾರೆ. ನನಗಲ್ಲ, ಕಾಕಾನಿಗೆ ಫೋನ್ ಮಾಡಿ!

ಇನ್ನೊಂದು ಸಲ ಹೊಸ ಫಿಲ್ಟರೇ ಬೇಕೆಂದು ತೀರ್ಮಾನವಾಯಿತು. ಹಳೆಯದನ್ನು ಜೊತೆಗೆ ಒಯ್ಯಿರಿ ಎಂದರೆ ಕೇಳಲಿಲ್ಲ. ಗೇಣಿನಿಂದ ಅಳೆದುಕೊಂಡು, ಬೆರಳು ಮಡಚದೆ, ಕೈಯನ್ನು ಹಾಗೇ ಎತ್ತಿ ಹಿಡಿದುಕೊಂಡು ಬಸ್ ಸ್ಟ್ಯಾಂಡಿನ ಬಳಿಯ ಅಂಗಡಿಗೆ ನಡೆದರು. ದಾರಿಯಲ್ಲಿ ನಮಸ್ಕಾರ ಮಾಡಿದವರಿಗೆಲ್ಲ ಗೇಣೇ ತೋರಿಸಿದರು. ಅಂಗಡಿಯವನು "ಕಾಕಾ, ಗಾಡಿ ಕೋಣತಿ?" ಎಂದು ಕೇಳಿದನಂತೆ. ಯಾವ ಗಾಡಿ ಎಂದು.

"ಪಾಂಢರಿ!" ಎಂದರಂತೆ ಕಾಕಾ. ಬಿಳಿಯದು.

ತಂದ ಫಿಲ್ಟರು ನಮ್ಮ ಕಾರಿನ ಡಬ್ಬಿಗೆ ಅರ್ಧವೂ ಹಿಡಿಯಲಿಲ್ಲ. ಬದಲಿಸಲು ಮತ್ತೆ ಹೋದರು. ಬರುವಷ್ಟರಲ್ಲಿ ಊಟದ ಹೊತ್ತು. ಊಟವಾದ ಮೇಲೆ ನಿದ್ದೆ. ಎದ್ದ ಮೇಲೆ ಚಹಾ. ಡಬ್ಬಿ ಮುಚ್ಚಿ, ನನ್ನವರು ಗಾಡಿ ಚಾಲೂ ಮಾಡಿದರೆ ಒಳಗಿನಿಂದ ಉಬ್ಬಸದಂಥ ಸದ್ದು! ಮತ್ತೆ ಬಿಚ್ಚಿದರೆ ಫಿಲ್ಟರಿನ ಕೆಳಗೆ ಕಾಕಾನ ಎಲೆ ಅಡಿಕೆಯ ಸಂಚಿ. ಊಟವಾದಾಗಿನಿಂದ ಮನೆಯವರೆಲ್ಲ ಅದನ್ನೇ ಹುಡುಕುತ್ತಿದ್ದೆವು.

ಕಾಕಾನ ಹೆಂಡತಿ, ನಮ್ಮ ಕಾಕು, ಬಾಗಿಲಲ್ಲೇ ನಿಂತು ಸೆರಗು ಬಾಯಿಗೆ ಹಿಡಿದರು. "ಬೀಗರಿಗಿ ಎಲಿ ಕೊಟ್ಟು ಕಳ್ಸೋದು ನೋಡಿದ್ದೆ. ಗಾಡಿಗೂ ಎಲಿ ಕೊಡ್ಲತ್ತೀರೇನ್ರಿ?"

"ನೀ ಸುಮ್ಮ ಇರು. ಹೊತ್ತು ಮುಳಗ್ಲತ್ತದ. ಹೈವೇದಾಗ ಟ್ರಕ್ ಭಾಳ. ಈಗ ಗಾಡಿ ಬಿಡೋದು ಬರೋಬ್ಬರಿ ಅಲ್ಲ" ಎಂದರು ಕಾಕಾ. ಅಂದು ಉಳಿದೆವು. ನನ್ನವರು ಗೊಣಗಿದರು, ಅತ್ತೆಗೆ ಉತ್ತರ ಹೇಳಬೇಕಾದ ನಾನೂ ಗೊಣಗಿದೆ. ಆದರೆ ಕಾಕುವಿನ ಪಕ್ಕ ಹಾಸಿಗೆ ಹಾಸಿಕೊಂಡಾಗ ಆ ಸಂಚಿಗೆ ಮನಸ್ಸಿನಲ್ಲೇ ಕೈಮುಗಿದೆ ಎಂಬುದೂ ಸುಳ್ಳಲ್ಲ. ಹೀಗೆ ಎಷ್ಟು ಸಲ ಉಳಿದೆವೋ ಲೆಕ್ಕವಿಟ್ಟಿಲ್ಲ. ನಾನು ಕಾಕಾನ ದಡ್ಡತನಕ್ಕೆ ನಗುತ್ತಲೇ ಇದ್ದೆ.

ಮೊನ್ನೆ ಉದಗೀರದಲ್ಲಿ ನಮ್ಮ ಗಾಡಿ ಸರಿಯಾಗಿ ಎಳೆಯದಂತಾಯಿತು. ಈಗ ನಾನೇ ನಡೆಸುತ್ತೇನೆ. ಹೊಸ ಫಿಲ್ಟರು ತಂದು, ಫೋನಿನಲ್ಲಿ ವಿಡಿಯೋ ಹಚ್ಚಿ, ಒಲೆಯ ಮೇಲೆ ಚಹಾಕ್ಕೆ ನೀರಿಟ್ಟು ಅಂಗಳಕ್ಕೆ ಬಂದೆ. ನಾಲ್ಕು ಕ್ಲಿಪ್ಪು. ಬಿಚ್ಚಿದೆ, ಹಳೆಯದು ತೆಗೆದೆ, ಡಬ್ಬಿ ಒರೆಸಿದೆ, ಹೊಸದು ಕೂರಿಸಿದೆ, ಮುಚ್ಚಿದೆ. ಒಳಗೆ ಹೋಗಿ ನೋಡಿದರೆ ನೀರು ಇನ್ನೂ ಕುದಿ ಬಂದಿರಲಿಲ್ಲ.

ಒಲೆ ಆರಿಸಿ ಅಲ್ಲೇ ಕೂತುಬಿಟ್ಟೆ. ಇಷ್ಟೇನಾ? ಮೊದಲ ಸಲವೇ ನನ್ನ ಕೈಗೆ ಇಷ್ಟು ಬೇಗ ಬಂದ ಕೆಲಸ, ಹತ್ತು ವರ್ಷ ಮಾಡಿದ ಕಾಕಾನಿಗೆ ಇಡೀ ದಿನ ಬೇಕಾಗುತ್ತಿತ್ತೇ? ಯಾವ ಗಾಡಿ ಎಂದು ಕೇಳಿದರೆ ಬಿಳಿಯದು ಎನ್ನುವಷ್ಟು ದಡ್ಡನೇ ನಮ್ಮ ಕಾಕಾ? ಆಗ ನನಗೆ ಅಳು ಬಂತು. ಆ ವಾರವೇ ಒಬ್ಬಳೇ ಉಮರ್ಗಾಕ್ಕೆ ಗಾಡಿ ತಿರುಗಿಸಿದೆ.

ಕಾಕಾ ಈಗ ಕೋಲು ಹಿಡಿದು ನಡೆಯುತ್ತಾರೆ. ಆದರೂ ಮೊರ ಬಂತು, ಪೇಪರು ಬಂತು, ಬಾನೆಟ್ ಎತ್ತಲಾಯಿತು. ನಾನು ಹೇಳಬೇಕೆಂದುಕೊಳ್ಳುವಷ್ಟರಲ್ಲಿ ಫಿಲ್ಟರು ಅವರ ಕೈಯಲ್ಲಿತ್ತು. ಹಾಲಿನಂತೆ ಬೆಳ್ಳಗಿತ್ತು. ಪೇಪರಿನ ಮೇಲೆ ಬಡಿದರು. ಏನೂ ಬೀಳಲಿಲ್ಲ. ಇನ್ನೊಮ್ಮೆ ಬಡಿದರು.

"ಯಾರ್ ಹಾಕ್ಯಾರ ಇದು?"

"ನಾನೇ ಹಾಕೀನ್ರಿ, ಕಾಕಾ."

ಫಿಲ್ಟರನ್ನು ಆ ಕಡೆ ಈ ಕಡೆ ತಿರುಗಿಸಿದರು. ನನ್ನ ಮುಖ ನೋಡದೆ ಕೇಳಿದರು, "ಎಷ್ಟೊತ್ತು ಹಿಡೀತು?"

"ಇಡೀ ದಿನ ಹಿಡೀತ್ರಿ" ಎಂದೆ.

"ಹಿಡೀತದ, ಹಿಡೀತದ. ಭಾಳ ನಾಜೂಕ ಕೆಲಸ" ಎಂದರು. ಫಿಲ್ಟರನ್ನು ಡಬ್ಬಿಯಲ್ಲಿಟ್ಟು, ನಾಲ್ಕೂ ಕ್ಲಿಪ್ಪುಗಳನ್ನು ಪಟಪಟನೆ ಒತ್ತಿದರು, ಕಣ್ಣಿಟ್ಟು ನೋಡಲೂ ಇಲ್ಲ. ಮಾಡಲು ಇನ್ನೇನೂ ಉಳಿಯಲಿಲ್ಲ. ಧೂಳಿಲ್ಲದ ಕೈಗಳನ್ನು ಧೋತರದ ಚುಂಗಿಗೆ ಒರೆಸಿಕೊಳ್ಳುತ್ತ ಇಂಜಿನ್ನಿನ ಮುಂದೆ ಸುಮ್ಮನೆ ನಿಂತರು. ಆಮೇಲೆ ಇಂಜಿನ್ನಿಗೇ ಹೇಳುವವರ ಹಾಗೆ, "ಇವತ್ತೊಂದಿನ ಇರ್ತೀಯೇನವ್ವಾ?" ಎಂದರು.

ಹೂಂ ಎಂದು ತಲೆಯಾಡಿಸಿದೆ. ಕಣ್ಣೊರೆಸಿಕೊಂಡು ಉದಗೀರಕ್ಕೆ ಫೋನ್ ಹಚ್ಚಿದೆ. "ಅತ್ತೀ, ಗಾಡಿ ಖರಾಬ ಆಗ್ಯಾದ್ರಿ. ಕಾಕಾ ಬಿಚ್ಚಿ ಕೂತಾರ. ನಾಳಿ ಬರ್ತೀನ್ರಿ."

ಕಾಕಾ ಬಾನೆಟ್ಟಿನ ಹಿಂದಿನಿಂದಲೇ ಕೂಗಿದರು, "ನಾಳಿಗೂ ಆಗೋದು ಕಠಿಣ ಅದ ಅಂತ ಹೇಳು!"