ಬಾಲಪ್ಪನ ಕಡೆಯ ಪುಟ ಮತ್ತು ನಮ್ಮ ಮಾಳಿಗೆ

ಬಾಲಪ್ಪನ ಮೇಲೆ ನನ್ನದೊಂದು ದೂರಿದೆ. ತೀರಿಕೊಂಡವನ ಮೇಲೆ ದೂರು ಹೇಳುವುದು ಸರಿಯಲ್ಲ, ಗೊತ್ತು. ಆದರೆ ಹದಿನಾಲ್ಕು ವರ್ಷ ಜಗಳಾಡಿದ ಮನುಷ್ಯ ಒಂದು ಜಗಳವನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋದರೆ ಉಳಿದವನು ಏನು ಮಾಡಬೇಕು?

ಅವನು ಮಸ್ಕಿಯ ಸಣ್ಣ ಕ್ರೈಸ್ತ ಸಭೆಗೆ ಉಪದೇಶಿ. ನಾನು ಶಾಲೆಯ ಮಾಸ್ತರ. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ, ಪೊಲೀಸ್ ಆಕ್ಷನ್ ಆದ ಮೇಲೆ ಕನ್ನಡದಲ್ಲಿ, ಅದೇ ಮಗ್ಗಿಯನ್ನು ಅದೇ ಬೆತ್ತದಿಂದ ಕಲಿಸಿದವನು. ಸಂಜೆ ಅವನು ನಮ್ಮ ಕಟ್ಟೆಗೆ ಬಂದು ಕೂತರೆ ಬೈಬಲ್ಲಿನ ಮೇಲೆ ವಾದ ಶುರು. (ಕಟ್ಟೆಯ ಮೇಲೇ ಕೂರುತ್ತಿದ್ದ. ‘ಒಳಗ ಬಾ’ ಎನ್ನಲು ಇಷ್ಟೆಲ್ಲ ಓದಿದ ನನಗೆ ಆರು ವರ್ಷ ಹಿಡಿಯಿತು. ನನ್ನ ಹೆಂಡತಿ ಕಲ್ಯಾಣಮ್ಮ ಮೊದಲ ವರ್ಷವೇ ಅಂದಿದ್ದಳು.)

“ಮಾಸ್ತರ, ನಮ್ಮ ಗುಡ್ಡದ ಬಂಡಿಗಲ್ಲಿನ ಮ್ಯಾಲಿನ ಹಳೇ ಬರಹ ನೋಡಿದ್ರ ಏನ್ ಕೇಳ್ತೀರಿ? ಯಾರು ಬರೆಸ್ಯಾರ, ಯಾರಿಗೆ ಬರೆಸ್ಯಾರ ಅಂತ. ಈ ಪುಸ್ತಕಾನೂ ಹಂಗ ಓದ್ರಿ. ಮೊದಲು ಆ ಊರಿಗೆ ಹೋಗ್ರಿ, ಆ ಮನಿ ನೋಡ್ರಿ. ಅರ್ಥ ಆಮ್ಯಾಲ” ಎನ್ನುತ್ತಿದ್ದ.

ಅವನಿಗೆ ಬಲು ಪ್ರಿಯವಾದದ್ದು ಲಕ್ವ ಹೊಡೆದವನ ಕಥೆ. ಯೇಸುಸ್ವಾಮಿ ಒಂದು ಮನೆಯಲ್ಲಿ ಮಾತಾಡುತ್ತಿದ್ದಾನೆ, ಬಾಗಿಲ ತುಂಬ ಜನ. ನಾಲ್ವರು ಗೆಳೆಯರು ರೋಗಿಯನ್ನು ಹಾಸಿಗೆ ಸಮೇತ ಹೊತ್ತು ತಂದು, ಮಾಳಿಗೆ ಹತ್ತಿ, ಅದನ್ನು ಒಡೆದು, ಹಗ್ಗ ಬಿಟ್ಟು ಅವನನ್ನು ಒಳಗಿಳಿಸುತ್ತಾರೆ. ಸಭೆಯ ಗೋಡೆಗೆ ಹಾಕಿದ್ದ ಚಿತ್ರದಲ್ಲಿ ಆ ಮನೆಗೆ ಇಳಿಜಾರಾದ ಕೆಂಪು ಹಂಚು. ಬಾಲಪ್ಪನಿಗೆ ಅದನ್ನು ಕಂಡರೆ ಸಿಟ್ಟು.

“ಈ ಚಿತ್ರ ಬರೆದಾವ ಮಳಿ ಸೀಮಿಯಾವ. ಆ ದೇಶದ ಮಾಳಿಗಿ ಥೇಟ್ ನಿಮ್ಮದರಂಗ. ಜಂತಿ, ಕಟಗಿ, ಮ್ಯಾಲ ಮಣ್ಣು. ಒಡೆಯೋದೇನು ದೊಡ್ಡ ಮಾತಲ್ಲ.”

“ಒಡೆಯೋದು ಅಷ್ಟು ಸಲೀಸಲ್ಲೋ, ಕೆಳಗ ಮಂದಿ ಕುಂತಿರ್ತಾರ” ಎಂದು ನಾನು. ಇದೇ ಜಗಳ, ಹದಿನಾಲ್ಕು ವರ್ಷ.

ಚೈತ್ರದಲ್ಲಿ ಅವನಿಗೆ ಜ್ವರ ಬಂತು. ಒಂಬತ್ತು ದಿನ. ಅಷ್ಟೇ.

ತಿಂಗಳಾದ ಮೇಲೆ ಅವನ ಹೆಂಡತಿ ಪಕೀರಮ್ಮ ಬಂದು, ಅವನೇ ಹೊಲಿದು ಗಂಜಿ ಹಚ್ಚಿ ಅಂಟಿಸಿಕೊಂಡಿದ್ದ ಒಂದು ನೋಟುಬುಕ್ಕು ನನ್ನ ಕೈಗಿಟ್ಟಳು.

“ಮಾಸ್ತರ್ರೇ, ಬರೋ ಐತಾರ ಅವರ ನೆನಪಿನ ಪ್ರಾರ್ಥನಿ ಅದ. ಇದನ್ನ ಓದ್ರಿ. ಕಡೀ ಪುಟ ಅರ್ಧಾ ಉಳದದ ಅಂತಾರ, ಅದನ್ನ ನೀವ ಮುಗಸ್ರಿ. ನಿಮ್ಮ ಕೂಡ ಜಗಳಾಡಿದಷ್ಟು ಅವರು ನನ್ನ ಕೂಡಾನೂ ಆಡಿಲ್ಲ.”

ಕಡೆಯ ಸಾಲು ಹೀಗಿತ್ತು: ‘ಮಾಳಿಗೆ ಒಡೆದು ರೋಗಿಯನ್ನು ಇಳಿಸಿದರು. ಆಗ ಆ ಮನೆಯವರು ಏನೆಂದರು? ಪುಸ್ತಕ ಹೇಳುವುದಿಲ್ಲ. ನನ್ನ ಮಟ್ಟಿಗೆ ಆ ಮನೆಯವರು’

ಇಷ್ಟೇ. ಚುಕ್ಕೆಯೂ ಇಲ್ಲ.

ನಾಲ್ಕು ದಿನ ಊಟ ರುಚಿಸಲಿಲ್ಲ. ‘ಯಜಮಾನ ಪರಮಭಕ್ತನಾಗಿ ಸುಮ್ಮನಿದ್ದ’ ಎಂದು ಬರೆದೆ, ಹೊಡೆದು ಹಾಕಿದೆ. ‘ಕಚೇರಿಗೆ ಹೋಗಿ ಫಿರ್ಯಾದು ಕೊಟ್ಟ’ ಎಂದು ಬರೆದೆ, ಅದನ್ನೂ ಹೊಡೆದೆ. ಗೆಳೆಯನ ಕೊನೆಯ ಮಾತನ್ನು ತಪ್ಪಾಗಿ ಮುಗಿಸಿದರೆ ತಿದ್ದಲು ಅವನು ಕಟ್ಟೆಗೆ ಬರುವುದಿಲ್ಲವಲ್ಲ. ಅದೇ ಎದೆಯಲ್ಲಿ ಕೂತಿತ್ತು.

“ಏನ್ರೀ ಅದು, ಬರೀತೀರಿ, ಹೊಡೀತೀರಿ?” ಎಂದಳು ಕಲ್ಯಾಣಮ್ಮ. “ನನಗರ ಹೇಳ್ರಿ.”

“ಇದು ಪ್ರಾಚೀನ ಇತಿಹಾಸದ ವಿಷಯ. ಒಲಿ ಮುಂದ ಕುಂತು ತಿಳಿಯೋದಲ್ಲ.”

“ಹಂಗಾರ ಇತಿಹಾಸಾನ ಉಣ್ರಿ” ಎಂದು ತಾಟು ಎತ್ತಿಕೊಂಡು ಹೋದಳು.

ಶನಿವಾರ ಬೆಳಿಗ್ಗೆ ಬಾಲಪ್ಪನ ಮಾತು ನೆನಪಾಯಿತು: ಮೊದಲು ಆ ಮನೆಗೆ ಹೋಗ್ರಿ. ಆ ದೇಶಕ್ಕೆ ಹೋಗುವುದಾಗಲಿಲ್ಲ. ಮಾಳಿಗೆಯಂತೂ ತಲೆಯ ಮೇಲೇ ಇತ್ತು. ನೋಟುಬುಕ್ಕನ್ನು ಅಂಗಿಯ ಕಿಸೆಯಲ್ಲಿಟ್ಟು, ಹಾರೆ ಹಿಡಿದು, ನಿಚ್ಚಣಿಕೆ ಹಚ್ಚಿ, ಸಂಶೋಧನಾರ್ಥವಾಗಿ ಮಾಳಿಗೆಯನ್ನು ಆರೋಹಣ ಮಾಡಿದೆ. ನನ್ನ ಉದ್ದೇಶ ಬೆಳಕಿಂಡಿಯ ಸುತ್ತ ಒಂದು ಗೇಣು ಮಣ್ಣು ಸಡಿಲಿಸಿ ನೋಡುವುದಷ್ಟೇ. ಎರಡು ಪೆಟ್ಟು ಹಾಕಿದೆ. ಒಡೆಯುವುದು ಸಲೀಸು ಎಂದು ಬಾಲಪ್ಪ ಹೇಳಿದ್ದು ನಿಜವೆಂದು ಆ ಕ್ಷಣವೇ ಸಿದ್ಧವಾಯಿತು. ನಾನು ಸೊಂಟದ ತನಕ ಅಡುಗೆಮನೆಯೊಳಕ್ಕೆ ಇಳಿದಿದ್ದೆ.

ಉಳಿದರ್ಧ ಮೇಲೆ, ಬಿಸಿಲಿನಲ್ಲಿ. ಕಿಸೆಯ ನೋಟುಬುಕ್ಕು ನನಗಿಂತ ಮುಂಚೆ ಕೆಳಗೆ ಹೋಗಿತ್ತು.

“ಯವ್ವಾ! ಯಾರ್ರಿ ಅದು?” ಕೆಳಗಿನಿಂದ ಕಲ್ಯಾಣಮ್ಮ.

“ನಾನ.”

“ನೀವಂದ್ರ ಯಾರು? ಕಾಲಷ್ಟ ಕಾಣಾಕತ್ಯಾವ!”

“ಮೂವತ್ತು ವರ್ಷ ಆತು, ಕಾಲು ಗುರ್ತು ಸಿಗಂಗಿಲ್ಲೇನು?”

“ತಲಿ ಅಷ್ಟ ನೋಡೀನಿ, ಪುಸ್ತಕದ ಹಿಂದ.”

ಕೂಗು ಕೇಳಿ ಪಕ್ಕದ ಮನೆಯ ದರ್ಜಿ ರಹಿಮಾನನೂ ಅಂಚೆಯ ಯಂಕೋಬನೂ ಮೇಲೆ ಬಂದರು. (ಕಥೆಯಲ್ಲಿ ನಾಲ್ವರು. ನನ್ನ ಪಾಲಿಗೆ ಇಬ್ಬರೇ.) ಮೇಲಕ್ಕೆ ಎಳೆಯಬೇಕೆಂದು ಯಂಕೋಬ, ಕೆಳಕ್ಕೆ ಇಳಿಸಬೇಕೆಂದು ರಹಿಮಾನ್.

“ಮ್ಯಾಲ ಎಳೆದ್ರ ಜಂತಿನೂ ಬರ್ತದ ಮಾಸ್ತರ್ ಸಾಬ್. ಕೆಳಗ ಹೋಗೋದ ಚೊಲೋ, ಅರ್ಧಾ ಹೋಗ್ಯಾಗದ.”

ಕಡೆಗೆ ಮಣ್ಣು ಬಿಡಿಸಿ, ಕಂಬಳಿಯಲ್ಲಿ ಸುತ್ತಿ, ಬಾವಿಯ ಹಗ್ಗ ಕಟ್ಟಿ, ನನ್ನನ್ನು ನನ್ನ ಮನೆಯ ಮಾಳಿಗೆಯಿಂದ ನನ್ನ ಹೆಂಡತಿಯ ಪಾದಮೂಲಕ್ಕೆ ಇಳಿಬಿಟ್ಟರು. ಅವಳು ಒಲೆಯ ಮುಂದಿನ ಹಿಟ್ಟಿನ ಪರಾತ ಸರಿಸಿ, ಜಾಗ ಮಾಡಿ, ನನ್ನ ಕಾಲನ್ನು ಹಿಮ್ಮಡಿಯಿಂದ ಮೊಣಕಾಲಿನವರೆಗೆ ಒತ್ತಿ ನೋಡಿದಳು.

“ಮುರದಿಲ್ಲಲ್ಲ?”

“ಇಲ್ಲ.”

“ಸಾಕು.” ಮೇಲೆ ಮುಖವೆತ್ತಿ, “ರಹಿಮಾನಣ್ಣ, ಯಂಕೋಬಣ್ಣ, ಇಳೀರಿ. ರೊಟ್ಟಿ ಬಿಸಿ ಅದಾವ, ಉಂಡು ಹೋಗ್ರಿ” ಎಂದಳು. ಉಂಡು ಕೈ ತೊಳೆದು ಇಬ್ಬರೂ ಹೊರಟಾಗ ಹೊಸ್ತಿಲಿಗೆ ಅಡ್ಡ ನಿಂತಳು. “ಎಲ್ಲಿಗೆ? ಮಾಳಿಗಿ ಯಾರು ಮುಚ್ಚಬೇಕು? ರೋಹಿಣಿ ಮಳಿ ಬಾಗಲಾಗ ನಿಂತದ. ಮಣ್ಣು ಹೊರೋದು ಇವರು, ಬಡಿಯೋದು ನೀವು.”

ನೋಟುಬುಕ್ಕು ನೀರಿನ ಹರವಿಯಲ್ಲಿ ಸಿಕ್ಕಿತು. ನನಗೆ ಅಳುವೇ ಬಂತು. ಅವಳು ಅದನ್ನು ಒಲೆಯ ದಂಡೆಗೆ ಬಿಚ್ಚಿಟ್ಟಳು. ಬಾಲಪ್ಪ ಗಟ್ಟಿ ಪೆನ್ಸಿಲಿನಲ್ಲಿ ಬರೆದಿದ್ದರಿಂದ ಅಕ್ಷರ ಹೋಗಿರಲಿಲ್ಲ. ಗಂಜಿ ಮಾತ್ರ ನೆನೆದಿತ್ತು. ಕಡೆಯ ಪುಟವೆಂದು ನಾನು ತಿಳಿದದ್ದು ಇನ್ನೊಂದು ಹಾಳೆಗೆ ಅಂಟಿಕೊಂಡಿತ್ತು. ಈಗ ಮೆಲ್ಲಗೆ ಬಿಟ್ಟಿತು. ಒಳಗೆ ಅವನ ಅಕ್ಷರ:

‘ಏನೆಂದರೋ ತಿಳಿಯದು. ಅಂಥ ಮಾಳಿಗೆಯ ಕೆಳಗೆ ಒಲೆ ಹಚ್ಚುವವರನ್ನು ಕೇಳಬೇಕೆಂದು ಕಲ್ಯಾಣಮ್ಮನವರನ್ನು ಕೇಳಿದೆ. ಅವರೆಂದರು: ಮೊದಲು ಬ್ಯಾನಿ ಮನುಷ್ಯಗ ಜಾಗ ಮಾಡತೀನಿ. ಆಮ್ಯಾಲ ಹೊತ್ತು ತಂದವರಿಗೆ ರೊಟ್ಟಿ ಕೊಡತೀನಿ. ಉಂಡ ಮ್ಯಾಲ ಮಾಳಿಗಿ ಮುಚ್ಚದ ಒಬ್ಬರನ್ನೂ ಹೊಸ್ತಿಲ ದಾಟಿಸಂಗಿಲ್ಲ.’

ನಾನು ಹೆಂಡತಿಯ ಮುಖ ನೋಡಿದೆ. “ನಿನ್ನ ಕೇಳಿದ್ನೇನು ಅವಾ?”

“ಹೂಂ, ಹೋದ ಶ್ರಾವಣದಾಗ, ಇಲ್ಲೇ ಕುಂತು. ನೀವು ಕಟ್ಟಿ ಮ್ಯಾಲ ಪೇಪರ್ ಓದಾಕತ್ತಿದ್ರಿ. ಇದನ್ನೇನು ನೀವು ನಾಕು ದಿನದಿಂದ ಹುಡಕಾಕತ್ತಿದ್ದು? ಕೇಳಿದ್ರ ಇತಿಹಾಸ ಅಂದ್ರಿ!”

ಕೆಳಗೆ ಇನ್ನೊಂದು ಸಾಲಿತ್ತು. ಅದನ್ನು ಓದಿ, ಚೈತ್ರದಿಂದ ಮೊದಲ ಸಲ, ನಾನು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆ. ಎದೆಯ ಮೇಲಿನ ಕಲ್ಲು ಯಾರೋ ಎತ್ತಿಟ್ಟ ಹಾಗಾಯಿತು. ಅವನು ಏನನ್ನೂ ಅರ್ಧಕ್ಕೆ ಬಿಟ್ಟಿರಲಿಲ್ಲ.

ಭಾನುವಾರ ಕುಂಟುತ್ತ ಹೋಗಿ ಎಲ್ಲವನ್ನೂ ಓದಿದೆ. ಸಭೆಯಲ್ಲಿ ಮೊದಲು ನಕ್ಕವಳು ಪಕೀರಮ್ಮ. ಕಡೆಯ ಸಾಲನ್ನು ನಾನು ನುಂಗಿಕೊಳ್ಳಬೇಕೆಂದಿದ್ದೆ. ಹೆಂಗಸರ ನಡುವೆ ಕೂತಿದ್ದ ಕಲ್ಯಾಣಮ್ಮ ಕೆಮ್ಮಿದಳು. ಓದಿದೆ. ಪಕೀರಮ್ಮ ಅದನ್ನು ಇನ್ನೊಮ್ಮೆ ಓದಿಸಿದಳು:

‘ಮಾಸ್ತರರನ್ನು ಬೇಕೆಂದೇ ಕೇಳಲಿಲ್ಲ. ಕೇಳಿದರೆ ಹಾರೆ ಹಿಡಿದು ಮಾಳಿಗೆ ಹತ್ತುತ್ತಾರೆ.’