ಒಕ್ಕಣ್ಣನ ಮೇಲೆ ಬಂದ ಆಪಾದನೆ

ಕೆಳಗಿನಮ್ಮನ ಓದುವ ಕೋಣೆಯ ಛಾವಣಿಯಲ್ಲಿ ಒದ್ದೆ ಕಲೆಯೊಂದು ಕಾಣಿಸಿಕೊಂಡದ್ದೇ ತಡ, ವಿಚಾರಣೆ, ಸಾಕ್ಷಿ, ವಾದ ಯಾವುದೂ ಇಲ್ಲದೆ ಅಪರಾಧಿಯ ಹೆಸರು ತೀರ್ಮಾನವಾಗಿಹೋಯಿತು. ಕೆಳಗಿನಮ್ಮ ಮೆಟ್ಟಿಲು ಹತ್ತಿ ಬಂದು ಮೇಷ್ಟ್ರ ಹಜಾರದ ಮೂಲೆಗೆ ಬೆರಳು ತೋರಿಸಿದರು. ಮೇಷ್ಟ್ರ ಹೆಂಡತಿಯೂ ಹೊಲಿಗೆ ಯಂತ್ರದ ಮುಂದೆ ಕೂತಲ್ಲಿಂದಲೇ ಅದೇ ಮೂಲೆಗೆ ಬೆರಳು ತೋರಿಸಿದಳು. ಎರಡೂ ಬೆರಳುಗಳ ತುದಿಯಲ್ಲಿ, ಗಾಜಿನ ತೊಟ್ಟಿಯೊಳಗೆ, ಒಕ್ಕಣ್ಣ ಎಂಬ ಕಿತ್ತಳೆ ಬಣ್ಣದ ಮೀನು ತನಗೂ ಈ ಲೋಕಕ್ಕೂ ಸಂಬಂಧವೇ ಇಲ್ಲವೆಂಬಂತೆ ಗುಳ್ಳೆ ಬಿಡುತ್ತಿತ್ತು.

"ಸಾಧ್ಯವೇ ಇಲ್ಲ," ಎಂದರು ಮೇಷ್ಟ್ರು.

ಅವರು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳುವವರು. ಶಾಲೆಯ ಪ್ರಯೋಗಾಲಯವನ್ನು ಕಂಪ್ಯೂಟರ್ ಕೋಣೆ ಮಾಡಿದಾಗ ಅಸ್ಥಿಪಂಜರಕ್ಕೆ ಗತಿ ಸಿಕ್ಕಿತು, ಸೂಕ್ಷ್ಮದರ್ಶಕಕ್ಕೆ ಗತಿ ಸಿಕ್ಕಿತು, ಈ ಒಂಟಿ ಕಣ್ಣಿನ ಮೀನಿಗೆ ಮಾತ್ರ ದಿಕ್ಕಿರಲಿಲ್ಲ. ಚರಂಡಿಗೆ ಬಿಡುವ ಮಾತು ಬಂದಾಗ ಮೇಷ್ಟ್ರು ಬಕೆಟ್ ಹಿಡಿದು ಅಡ್ಡ ನಿಂತರು. ಅವರು ಪಾಠ ಮಾಡುವಾಗ ಒಮ್ಮೆಯೂ ಕಣ್ಣು ಮುಚ್ಚದ ಏಕೈಕ ಶ್ರೋತೃ ಅದು. (ಮೀನಿಗೆ ರೆಪ್ಪೆಯೇ ಇಲ್ಲ ಎಂಬುದು ವಿಜ್ಞಾನದ ಮೇಷ್ಟ್ರಿಗೆ ಗೊತ್ತಿಲ್ಲದ ವಿಷಯವಲ್ಲ. ಆದರೂ.)

ಕೆಳಗಿನಮ್ಮ ಈ ಬಾಡಿಗೆ ಮನೆಯ ಒಡತಿ, ವಾಸ ನೆಲಮಹಡಿಯಲ್ಲಿ. ದೊಡ್ಡ ಆಸ್ಪತ್ರೆಯಲ್ಲಿ ಮುಖ್ಯ ನರ್ಸ್ ಆಗಿದ್ದು ನಿವೃತ್ತರಾದವರು. ಈಗಲೂ ಅವರು ಬಾಗಿಲು ತಟ್ಟಿದರೆ ಮೇಷ್ಟ್ರಿಗೆ ತಾನಾಗಿಯೇ ನಾಲಿಗೆ ಹೊರಚಾಚುವ ಮನಸ್ಸಾಗುತ್ತಿತ್ತು. ಮೀನು ಮನೆಗೆ ಬಂದ ದಿನವೇ ಅವರು ಕಟ್ಟುನಿಟ್ಟಾಗಿ ಹೇಳಿದ್ದರು: "ಇಟ್ಕೊಳ್ಳಿ, ಬೇಡ ಅನ್ನಲ್ಲ. ಆದ್ರೆ ಒಂದು ಹನಿ ನನ್ನ ಮನೆಗೆ ಇಳಿದ್ರೆ ತೊಟ್ಟಿ ಹೊರಗೆ."

"ಒಂದು ಹನಿಯೂ ಇಳಿಯಲ್ಲ," ಎಂದು ಮೇಷ್ಟ್ರು ಆ ದಿನ ಪ್ರತಿಜ್ಞೆ ಮಾಡಿದರು. ಪ್ರತಿಜ್ಞೆ ಮಾಡಿ ಸುಮ್ಮನೆ ಕೂರಲಿಲ್ಲ, ಜಲನಿರೋಧಕ ಚಕ್ರವ್ಯೂಹವನ್ನೇ ರಚಿಸಿದರು. ತೊಟ್ಟಿಯನ್ನು ಭಾರ ಹೊರುವ ಗೋಡೆಗೆ ಒತ್ತಿ ಇಟ್ಟರು. ನೆಲ ಓರೆಯಿದ್ದರೆ ಒಂದು ಮೂಲೆಗೆ ಒತ್ತಡ ಹೆಚ್ಚಿ ಗಾಜು ಬಿರಿಯಬಹುದೆಂದು ಮಟ್ಟಗೋಲು ಇಟ್ಟು ಅಳೆದು, ಅಡಿಗೆ ಥರ್ಮಾಕೋಲ್ ಹಾಸಿದರು. ಗಾಳಿಯ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ನೇತುಹಾಕಿದರು, ಕರೆಂಟು ಹೋದಾಗ ನೀರು ಕೊಳವೆಯಲ್ಲಿ ಹಿಂದಕ್ಕೆ ಹರಿಯಬಾರದಲ್ಲ. ತಂತಿಗುಂಟ ಹನಿ ಇಳಿದರೂ ಪ್ಲಗ್ಗಿಗೆ ತಲುಪದಂತೆ, ತಂತಿಯನ್ನು ಕೆಳಗೆ ಜೋಲು ಬಿಟ್ಟು ಆಮೇಲೆ ಮೇಲಕ್ಕೆ ಒಯ್ದು ಸಿಕ್ಕಿಸಿದರು. ಎಲ್ಲಕ್ಕಿಂತ ಕೆಳಗೆ, ಕೊನೆಯ ಕೋಟೆಗೋಡೆಯಾಗಿ, ಬಾಲ್ಕನಿಯಲ್ಲಿ ಯಾರಿಗೂ ಬೇಡವಾಗಿ ಬಿದ್ದಿದ್ದ ಎತ್ತರ ಅಂಚಿನ ಅಗಲ ತಟ್ಟೆಯೊಂದನ್ನು ತಂದಿಟ್ಟರು. ಮೇಜಿನ ಸುತ್ತ ಹೆಂಡತಿ ಹೂವಿನ ಪರದೆಯೊಂದನ್ನು ಹೊಲಿದು ಕಟ್ಟಿದ ಮೇಲೆ ಈ ವ್ಯೂಹವೆಲ್ಲ ಕಣ್ಮರೆಯಾಯಿತು.

"ನಮ್ಮ ಸಂಸಾರಕ್ಕೂ ಇಷ್ಟೇ ಮುತುವರ್ಜಿ ವಹಿಸಿದ್ರೆ," ಎಂದಳು ಅವಳು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ.

"ಸಂಸಾರ ಸೋರಲ್ವಲ್ಲ."

"ಅಡುಗೆಮನೆ ನಲ್ಲಿ ಸೋರ್ತಾ ಇದೆ, ಎಷ್ಟು ಕಾಲದಿಂದ ಹೇಳ್ತಿದೀನಿ!"

ಇಂಥ ವ್ಯೂಹದ ಮೇಲೆಯೇ ಈಗ ಆಪಾದನೆ ಬಂದಿತ್ತು. ಮೇಷ್ಟ್ರು ಪರದೆ ಎತ್ತಿ, ತಟ್ಟೆಯೊಳಗೆ ಬೆರಳಾಡಿಸಿ, ಒಣ ಬೆರಳನ್ನು ಕೆಳಗಿನಮ್ಮನ ಮೂಗಿನ ಮುಂದೆ ಹಿಡಿದರು.

"ನೋಡಿ. ಮರುಭೂಮಿ!"

"ಬೆರಳು ನನಗ್ಯಾಕೆ? ನನ್ನ ಛಾವಣಿ ನೋಡ್ಬನ್ನಿ."

"ಛಾವಣಿಯ ಕಲೆ ಇರೋದು ನನ್ನ ಬಾಲ್ಕನಿ ಕಡೆಗೆ. ತೊಟ್ಟಿ ಇರೋದು ಇಲ್ಲಿ. ನೀರು ನೆಟ್ಟಗೆ ಕೆಳಗೆ ಬೀಳುತ್ತೆ ಅಮ್ಮ, ಗುರುತ್ವಾಕರ್ಷಣೆ!"

"ನೀರಿಗೆ ನಿಮ್ಮ ಪಾಠ ಗೊತ್ತಿರ್ಬೇಕಲ್ಲ ಮೇಷ್ಟ್ರೇ. ಅದು ತನಗೆ ತೋಚಿದ ಕಡೆ ಹೋಗುತ್ತೆ. ಭಾನುವಾರದೊಳಗೆ ತೊಟ್ಟಿ ಹೊರಗೆ ಹೋಗ್ಬೇಕು."

ಮೇಷ್ಟ್ರು ಒಕ್ಕಣ್ಣನ ಕಡೆ ನೋಡಿದರು. ಅದು ಒಳ್ಳೆಯ ಕಣ್ಣನ್ನು ಗಾಜಿಗೆ ಒತ್ತಿ ಅವರನ್ನೇ ನೋಡುತ್ತಿತ್ತು. ಅವರ ಎದೆಯೊಳಗೆ ಸ್ವಾಭಿಮಾನ ಕುದಿಯಿತು.

"ಪರೀಕ್ಷೆ ಆಗ್ಲಿ," ಎಂದು ಘೋಷಿಸಿದರು. "ಮೀನಿಗೆ ಕಾಯಿಲೆ ಬಂದ್ರೆ ಹಾಕೋ ನೀಲಿ ಔಷಧಿ ನನ್ನ ಹತ್ರ ಇದೆ. ಮೀನಿಗೆ ತೊಂದರೆಯಾಗದಷ್ಟು, ಕಣ್ಣಿಗೆ ಕಾಣೋವಷ್ಟು ತೊಟ್ಟಿಗೆ ಹಾಕ್ತೀನಿ. ನಿಮ್ಮ ಛಾವಣೀಲಿ ನೀಲಿ ಕಂಡ್ರೆ, ಈ ಕೈಯಾರೆ ತೊಟ್ಟಿ ಹೊರಗಿಡ್ತೀನಿ. ಕಾಣದಿದ್ರೆ ಇನ್ನು ನನ್ನ ಮೀನಿನ ಸುದ್ದಿಗೆ ಬರ್ಬಾರ್ದು!"

"ಆಗ್ಲಿ," ಎಂದರು ಕೆಳಗಿನಮ್ಮ. ಔಷಧಿಯ ಪ್ರಮಾಣವನ್ನು ತಾವೇ ಎದುರು ನಿಂತು ನೋಡಿದರು, ಹಳೆಯ ಅಭ್ಯಾಸ.

"ಪಂಥ ಕಟ್ಟೋಕೆ ಮುಂಚೆ ನನ್ನನ್ನ ಒಂದು ಮಾತು ಕೇಳ್ಬಾರ್ದಾ?" ಎಂದಳು ಹೆಂಡತಿ, ಅವರು ಇಳಿದುಹೋದ ಮೇಲೆ.

"ಇದು ಪಂಥ ಅಲ್ಲ, ಪ್ರಯೋಗ."

"ನಿಮ್ಮ ಪ್ರಯೋಗಕ್ಕೆ ತೇಪೆ ಹಾಕೋಳು ನಾನೇ ಅಲ್ವಾ?"

ಅಂದಿನಿಂದ ಒಕ್ಕಣ್ಣ ಶಾಯಿಯ ಸಮುದ್ರದಲ್ಲಿ ಈಜತೊಡಗಿತು. ಕೆಳಗಿನಮ್ಮ ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ರೋಗಿಯನ್ನು ನೋಡುವಂತೆ ಬಂದು ನೋಡಿ ಹೋದರು. "ಆಹಾರ ತಗೊಳ್ತಾ? ಸುಸ್ತೇನಾದ್ರೂ ಇದ್ಯಾ?" ಎಂದು ವಿಚಾರಿಸಿದರು. ಆ ಕಡೆ ಛಾವಣಿಯ ಕಲೆ ಹಾಗೇ ಇತ್ತು, ಆದರೆ ನೀಲಿಯ ಸುಳಿವಿಲ್ಲ. ಶನಿವಾರದ ಹೊತ್ತಿಗೆ ಮೇಷ್ಟ್ರು ಮೆಟ್ಟಿಲಲ್ಲಿ ಸಿಳ್ಳೆ ಹಾಕಿಕೊಂಡು ಇಳಿಯುತ್ತಿದ್ದರು.

ಭಾನುವಾರ ಬೆಳಿಗ್ಗೆ ಕೆಳಗಿನಮ್ಮ ಸೋಲೊಪ್ಪಿಕೊಂಡರು. "ನೀಲಿ ಇಲ್ಲ. ಪ್ಲಂಬರ್‌ನ ಕರೆಸ್ತೀನಿ. ಔಷಧಿ ಸಾಕು ಪಾಪ, ನೀರು ಬದಲಾಯಿಸಿ."

ಗೆದ್ದವರ ಔದಾರ್ಯದಿಂದ ಮೇಷ್ಟ್ರು ಕೊಳವೆ ಹಾಕಿ ನೀರನ್ನು ಬಕೆಟ್ಟಿಗೆ ಇಳಿಸಿದರು. ನೆಲಕ್ಕೆ ಒಂದು ಹನಿಯೂ ಸಿಡಿಯಲಿಲ್ಲ. ತುಂಬಿದ ಬಕೆಟನ್ನು ಎಂದಿನಂತೆ ಬಾಲ್ಕನಿಗೆ ಒಯ್ದು ಹೆಂಡತಿಯ ರಬ್ಬರ್ ಗಿಡದ ದೊಡ್ಡ ಕುಂಡಕ್ಕೆ ಸುರಿದರು. ಮೀನು ತೊಟ್ಟಿಯ ಹಳೆ ನೀರು ಗಿಡಕ್ಕೆ ಉತ್ತಮ ಗೊಬ್ಬರ. ಮೀನು ಬಂದ ಮೇಲೆ ಆ ಗಿಡದ ಎಲೆಗಳು ಮಿರಮಿರ ಮಿನುಗುತ್ತಿದ್ದವು, ಮದುವೆಯಾದಾಗಿನಿಂದ ಹೆಂಡತಿ ಅವರನ್ನು ಹೊಗಳಿದ್ದು ಆ ಒಂದು ವಿಷಯಕ್ಕೇ.

ಅವರು ಕಾಫಿ ಲೋಟ ಬಾಯಿಗಿಡುವಷ್ಟರಲ್ಲಿ ಕೆಳಗಿನಿಂದ ಕೂಗು ಕೇಳಿಸಿತು.

"ಮೇಷ್ಟ್ರೇ! ನೀಲಿ!"

ಇಬ್ಬರೂ ಓಡಿ ಇಳಿದರು. ಛಾವಣಿಯ ಕಲೆಯ ನಟ್ಟನಡುವೆ ನೀಲಿ ಚುಕ್ಕೆಯೊಂದು ಅರಳಿ, ತುಂಬಿ, ಕೆಳಗಿನಮ್ಮನ ಬಿಳಿ ಮೇಜುಬಟ್ಟೆಯ ಮೇಲೆ ಟಪ್ಪೆಂದಿತು.

"ತೊಟ್ಟಿ ಸೋರಿಲ್ಲ!" ಎಂದು ಮೇಷ್ಟ್ರು ಕಿರುಚಿದರು.

ಹೆಂಡತಿ ಮೆಟ್ಟಿಲು ಹತ್ತಿದಳು, ಉಳಿದಿಬ್ಬರೂ ಹಿಂದೆಯೇ ಬಂದರು. ಅವಳು ಬಾಲ್ಕನಿಯಲ್ಲಿ ಕೂತು, ರಬ್ಬರ್ ಗಿಡದ ಕುಂಡವನ್ನು ತುಸು ವಾಲಿಸಿದಳು. ಕುಂಡದ ಬುಡದ ತೂತಿನಿಂದ ನೀಲಿ ನೀರು ಧಾರೆಯಾಗಿ ಇಳಿದು, ನೆಲದ ಸಂದಿನೊಳಗೆ ಮಾಯವಾಗುತ್ತಿತ್ತು.

"ರೀ, ಇದರ ಅಡಿಗೆ ನಾನೊಂದು ತಟ್ಟೆ ಇಟ್ಟಿದ್ದೆ. ಅಗಲದ್ದು, ಎತ್ತರ ಅಂಚಿನದು. ಎಲ್ಲಿ ಅದು?"

ಮೇಷ್ಟ್ರು ಹಜಾರದ ಕಡೆ ಕಳ್ಳನೋಟ ಬೀರಿದರು. ಅವಳು ಹಜಾರಕ್ಕೆ ಬಂದು ತಾನೇ ಹೊಲಿದ ಪರದೆಯನ್ನು ಎತ್ತಿದಳು. ಮೀನು ಬಂದ ದಿನದಿಂದ ಒಂದು ಹನಿಯನ್ನೂ ಕಾಣದ ತಟ್ಟೆ ಅಲ್ಲಿ ಧೂಳು ಹಿಡಿದು ಕೂತಿತ್ತು.

"ಅದು ಬೇಡವಾಗಿ ಬಿದ್ದಿತ್ತು..." ಎಂದರು ಮೇಷ್ಟ್ರು.

"ಬಿದ್ದಿತ್ತಾ? ಕುಂಡ ಎತ್ತಿ ಎಳ್ಕೊಂಡಿರ್ಬೇಕಲ್ರೀ!"

ಆದರೂ ಮೇಷ್ಟ್ರು ಬಗ್ಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಕೆಳಗಿನಮ್ಮನ ಕಡೆ ತಿರುಗಿ ಎದೆಯುಬ್ಬಿಸಿದರು. "ನೀರು ತೊಟ್ಟೀದು, ಒಪ್ತೀನಿ. ಸೋರಿಕೆ ಕುಂಡದ್ದು. ತಪ್ಪು ನಂದು. ಮೀನಂತೂ ನಿರಪರಾಧಿ. ನನ್ನನ್ನ ಬೇಕಾದ್ರೆ ಹೊರಗೆ ಹಾಕಿ."

"ನಿಮ್ಮನ್ನ ಹಾಕಿ ನನಗೇನಾಗ್ಬೇಕು? ಮಾತು ಅಂದ್ರೆ ಮಾತು. ತೊಟ್ಟಿ ಹೊರಗೆ ಹೋಗ್ಲಿ."

"ಎಲ್ಲಿಗೆ ಅಮ್ಮ? ಅದಕ್ಕೆ ಯಾರಿದಾರೆ?" ಮೇಷ್ಟ್ರ ದನಿ ಮೊದಲ ಸಲ ಇಳಿಯಿತು.

"ಯಾರೂ ಇಲ್ಲ ಅಂದೋರ್ಯಾರು? ನನ್ನ ಮನೆಗೆ ತನ್ನಿ. ನಂದು ನೆಲಮಹಡಿ, ಸೋರಿದ್ರೆ ಭೂಮಿಗೆ. ನಿಮ್ಮ ಗುರುತ್ವಾಕರ್ಷಣೆಗೂ ಅಭ್ಯಂತರ ಇರಲ್ಲ."

ಅದೇ ಸಂಜೆ ಒಕ್ಕಣ್ಣನ ಸ್ಥಳಾಂತರವಾಯಿತು. ಮೇಷ್ಟ್ರು ಅಲ್ಲಿಯೂ ಮಟ್ಟಗೋಲು ಹಿಡಿದು ಮಲಗಿ ಅಳೆದರು. ತಟ್ಟೆ ಮಾತ್ರ ರಬ್ಬರ್ ಗಿಡದ ಅಡಿಗೆ ಮರಳಿತು, ಹೆಂಡತಿಯ ಕಾವಲಿನಲ್ಲಿ.

ಈಗ ಕೆಳಗೆ ರೋಗಿಯನ್ನು ನೋಡುವ ಸಮಯ ನಿಗದಿಯಾಗಿದೆ, ನಾಲ್ಕರಿಂದ ಐದು. ಮೇಷ್ಟ್ರು ಕೈ ತೊಳೆದು, ಒರೆಸಿಕೊಂಡು ಒಳಗೆ ಹೋಗಬೇಕು. ಮುಂದಿನ ಭಾನುವಾರ ಮಾತ್ರ ಬೆಳಗಿನಿಂದಲೇ ಅಲ್ಲಿರಲು ಅನುಮತಿ ಸಿಕ್ಕಿತು, ಛಾವಣಿಗೆ ಸುಣ್ಣ ಬಳಿಯುವ ಕೆಲಸ ಅವರ ಪಾಲಿಗೇ ಬಂದಿತ್ತು.

ಎತ್ತರದ ಸ್ಟೂಲಿನ ಮೇಲೆ ಕತ್ತು ಹಿಂದಕ್ಕೆ ಬಾಗಿಸಿ ಬಳಿಯುತ್ತ, ಅವರು ಕೆಳಗಿನಮ್ಮನಿಗೆ ಕೇಳುವಂತೆ ಮೀನಿಗೆ ಪಾಠ ಹೇಳುತ್ತಿದ್ದರು: "ಯಾರು ಏನೇ ಅನ್ನಲಿ ಒಕ್ಕಣ್ಣ, ನಮ್ಮ ಮನೇಲಿದ್ದಷ್ಟು ದಿನ ನಿನ್ನ ತೊಟ್ಟಿಯಿಂದ ಒಂದೇ ಒಂದು ಹನಿ..."

ಬ್ರಷ್ಷಿನ ತುದಿಯಿಂದ ಬಿಳಿ ಹನಿಯೊಂದು ಕಳಚಿ, ಆಗತಾನೇ ಒರೆಸಿದ ನೆಲದ ಮೇಲೆ ಟಪ್ಪೆಂದಿತು.

"ಮೇಷ್ಟ್ರೇ!" ಎಂದರು ಕೆಳಗಿನಮ್ಮ. "ಒಂದು ಹನಿ!"

ಒಕ್ಕಣ್ಣ ತಿರುಗಿ, ತನ್ನ ಒಳ್ಳೆಯ ಕಣ್ಣನ್ನು ಗಾಜಿಗೆ ಒತ್ತಿ, ಕೆಳಗಿನಮ್ಮನ ಪಕ್ಕದಿಂದಲೇ ಅವರನ್ನು ನೋಡಿತು.